ಮುಳ್ಳು ಬಿಡಿಸಿದ ಮೀನು ಯಾರಿಗೆ?

ಮೊಸಳೆ ಹೊಸಹಳ್ಳಿ ದಾಟಿದ ಮೇಲೆ ಕಾರನ್ನು ರಸ್ತೆ ಬದಿಗೆ ಹಾಕಿ, ಇಂಜಿನ್ ಆಫ್ ಮಾಡಿದೆ. ಪಕ್ಕದ ಸೀಟಿನಲ್ಲಿ ನನ್ನ ಸೋದರತ್ತೆ, ಎಪ್ಪತ್ತಾರು ವರ್ಷದ ಕಮಲತ್ತೆ, ಆರಾಮಾಗಿ ಕಡ್ಲೆಕಾಯಿ ಬಿಡಿಸಿಕೊಂಡು ತಿನ್ನುತ್ತಿದ್ದರು.

"ಯಾಕೋ ಮಂಜ, ಪಂಚರ್ರಾ?" ಅಂದರು.

ಹೌದು, ಪಂಚರ್ರೇ. ಕಾರಿಗಲ್ಲ, ನನಗೆ.

ಮೊದಲಿಂದ ಹೇಳಿಬಿಡುತ್ತೇನೆ. ಹಾಸನದಲ್ಲಿ ನಮ್ಮ ಗೆಳೆಯರದೊಂದು ಸಿನಿಮಾ ಬಳಗ ಇದೆ. ತಿಂಗಳಿಗೊಂದು ಭಾನುವಾರ ಬೆಳಗ್ಗೆ ಎಲ್ಲಾದರೂ ಒಂದು ಹಾಲ್ ಹಿಡಿದು, ಪ್ರೊಜೆಕ್ಟರ್ ಇಟ್ಟು, ಐವತ್ತು ಕುರ್ಚಿ ಹಾಕಿಸುತ್ತೇವೆ. ಸಿನಿಮಾ ಆದ ಮೇಲೆ ಒಂದು ಭಾಷಣ, ಭಾಷಣ ಆದ ಮೇಲೆ ಉಪ್ಪಿಟ್ಟು. (ಈ ಕ್ರಮ ಬದಲಿಸಿದರೆ ಭಾಷಣಕ್ಕೆ ಜನ ಇರುವುದಿಲ್ಲ ಅನ್ನುವುದು ಅನುಭವದಿಂದ ಗೊತ್ತಾಗಿದೆ.) ಈ ಸಲ ಭಾಷಣ ನನ್ನದು.

ಸಿನಿಮಾ ನಮ್ಮ ಅಜ್ಜಂದಿರ ಕಾಲದ ಕಥೆ. ಒಬ್ಬ ಬರಹಗಾರ, ಒಬ್ಬಳು ಚಿತ್ರಕಲಾವಿದೆ. ಮದುವೆ ಇಲ್ಲ, ಸಂಬಂಧಕ್ಕೊಂದು ಹೆಸರೂ ಇಲ್ಲ. ಒಂದೇ ಮನೆಯಲ್ಲಿ ಅವನು ಬರೆಯುತ್ತಾನೆ, ಅವಳು ಬಣ್ಣ ಹಚ್ಚುತ್ತಾಳೆ. ಊರು ಬಾಯಿಗೆ ಬಂದ ಹಾಗೆ ಮಾತಾಡುತ್ತೆ. ಕೊನೆಗೆ ಅವನು ಸಾಯುತ್ತಾನೆ, ಅವನ ಕಡೆಯವರು ಬಂದು ಹೆಣ ತೆಗೆದುಕೊಂಡು ಹೋಗುತ್ತಾರೆ, ಇವಳನ್ನು ಗೇಟಿನ ಹೊರಗೆ ನಿಲ್ಲಿಸುತ್ತಾರೆ. ನಾನು ಅತ್ತೆ. ಅಂದರೆ ಅಳು ಬಂದು ಅತ್ತೆ. ಪಕ್ಕದಲ್ಲಿದ್ದ ನಮ್ಮತ್ತೆ ಅಳಲಿಲ್ಲ. "ಆ ಹುಡ್ಗಿಗೆ ಬ್ರಶ್ ಹಿಡಿಯೋಕೆ ಬರಲ್ಲ. ಯಾರೂ ಹೇಳ್ಕೊಟ್ಟಿಲ್ಲ" ಅಂದರು.

ಅವರನ್ನು ಕರೆದುಕೊಂಡು ಹೋಗಿದ್ದೇ ಅದಕ್ಕೆ. ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಡ್ರಾಯಿಂಗ್ ಟೀಚರ್ ಆಗಿದ್ದವರು. ಪೇಟೆಯಲ್ಲಿ ನಲವತ್ತು ದಾಟಿದ ಯಾವ ಹೆಂಗಸನ್ನು ಕೇಳಿದರೂ ಡ್ರಾಯಿಂಗ್ ಮಿಸ್ ಅಂದರೆ ಗೊತ್ತು. ಮದುವೆಯಾಗಲಿಲ್ಲ. ಮೂಲಾ ನಕ್ಷತ್ರ, ಅದಕ್ಕೆ ಗಂಡು ಒಪ್ಪಲಿಲ್ಲ ಅನ್ನುವುದು ನಮ್ಮ ಮನೆಯ ಅಧಿಕೃತ ವರದಿ. ಹುಟ್ಟಿದಾಗಿನಿಂದ ಇದೇ ಮನೆಯಲ್ಲಿದ್ದಾರೆ, ಈಗ ನನ್ನ ಮತ್ತು ನನ್ನ ಹೆಂಡತಿ ಸುಧಾಳ ಜೊತೆ.

ಭಾಷಣ ಜೋರಾಗಿಯೇ ಆಯಿತು. "ಪ್ರೀತಿ ಏನು ಸೈಟಾ ಸ್ವಾಮಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಮಾಡಿಸೋಕೆ?" ಅಂದೆ. ಚಪ್ಪಾಳೆ ಬಿತ್ತು. ಇಬ್ಬರು ಕಾಲೇಜು ಹುಡುಗಿಯರು ಸೆಲ್ಫಿ ತೆಗೆಸಿಕೊಂಡರು. ನಾನು ಉಬ್ಬಿಹೋದೆ, ಯಾಕೆ ಸುಳ್ಳು ಹೇಳಲಿ?

ವಾಪಸ್ ಬರುವಾಗ ಕಾರಿನಲ್ಲಿ ಅತ್ತೆ ಅಂದರು: "ಆ ಸೈಟಿನ ಮಾತು ಚೆನ್ನಾಗಿತ್ತು ಕಣೋ. ಅವ್ರೂ ಅಂಗೇ ಅನ್ನೋರು."

"ಯಾರು?"

"ರೈಟ್ರು."

"ಯಾವ ರೈಟ್ರು?"

"ನಮ್ಮನೆ ರೈಟ್ರು ಕಣೋ. ಇಪ್ಪತ್ತೆರಡು ವರ್ಷ ನನ್ ಜೊತೆ ಇದ್ರಲ್ಲ."

"ನಮ್ ಜೊತೆ ಅನ್ನು ಅತ್ತೆ" ಅಂದೆ ನಗುತ್ತಾ.

"ನನ್ ಜೊತೆ" ಅಂದರು ಅತ್ತೆ, ಕಡ್ಲೆಕಾಯಿ ಸಿಪ್ಪೆಯನ್ನು ಕಿಟಕಿಯಿಂದಾಚೆ ಎಸೆದು. "ಸಿನಿಮಾದಲ್ಲಿ ತೋರ್ಸುದ್ರಲ್ಲ, ಅಂಗೇಯ."

ನಾನು ಕಾರು ನಿಲ್ಲಿಸಿದ್ದು ಆಗ.

ರೈಟ್ರು ಅಂದರೆ ಪುಟ್ಟಸ್ವಾಮಿ. ಅರಕಲಗೂಡು ಕಡೆಯವರು. ಹಗಲೆಲ್ಲ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಕ್ರಯಪತ್ರ, ವಿಭಾಗಪತ್ರ ಬರೆಯುವುದು, ಸಂಜೆ ಹಳ್ಳಿಯ ನಾಟಕದವರಿಗೆ ಹೊಸ ಸೀನು, ಹಾಡು ಬರೆದುಕೊಡುವುದು. ವಾರಪತ್ರಿಕೆಗಳಿಗೆ ಕಥೆಗಳನ್ನೂ ಕಳಿಸುತ್ತಿದ್ದರು. ನಮ್ಮ ಮನೆಯ ಮುಂದುಗಡೆ, ಬೀದಿಗೆ ಬಾಗಿಲಿದ್ದ ರೂಮಿನಲ್ಲಿ ಬಾಡಿಗೆಗಿದ್ದರು. ನನಗೆ ಕಾಗುಣಿತ ತಿದ್ದಿಸಿದವರು ಅವರೇ. ಈ ಅಂಕಣ ನಿಮಗೆ ಇಷ್ಟವಾಗುತ್ತಿದ್ದರೆ ಅರ್ಧ ಅವರ ಪುಣ್ಯ, ಇಷ್ಟವಾಗದಿದ್ದರೆ ಪೂರ್ತಿ ನನ್ನ ತಪ್ಪು.

ಅವರು ನಮ್ಮ ಜನ ಅಲ್ಲ. ಹಾಗಾಗಿ ರೂಮು ಕೊಟ್ಟ ನಮ್ಮ ತಾತ ಒಳಕ್ಕೆ ಬಿಟ್ಟುಕೊಳ್ಳಲಿಲ್ಲ. ಹಬ್ಬಕ್ಕೆ ಊಟ ಕೊಟ್ಟರೂ ಜಗಲಿಯ ಮೇಲೇ. ಅವರ ಲೋಟ ಜಗಲಿಯ ಮೂಲೆಯಲ್ಲಿ ಬೋರಲು ಬಿದ್ದಿರುತ್ತಿತ್ತು. ನಮ್ಮಮ್ಮ ಎತ್ತರದಿಂದ ಕಾಫಿ ಸುರಿಯುತ್ತಿದ್ದಳು. ನಾವೆಲ್ಲ ಅದನ್ನು ನೋಡಿಕೊಂಡೇ ಬೆಳೆದೆವು, ಏನೂ ಅನ್ನಿಸಲಿಲ್ಲ. ಆ ಮನೆಯಲ್ಲಿ, ಅಷ್ಟು ಜನರ ಮಧ್ಯೆ, ಇಪ್ಪತ್ತೆರಡು ವರ್ಷ, ನಮ್ಮ ಡ್ರಾಯಿಂಗ್ ಮಿಸ್ಸು?

"ಯಾರಿಗಾದ್ರೂ ಹೇಳಿದ್ದೀಯಾ?" ನನ್ನ ಬಾಯಿಂದ ಬಂದ ಮೊದಲ ಮಾತು ಇದು. ಗಮನಿಸಿ. ಒಂದು ಗಂಟೆ ಹಿಂದೆ ಸ್ಟೇಜ್ ಮೇಲೆ ಅಷ್ಟೆಲ್ಲ ಹೇಳಿದ ಮನುಷ್ಯ, ಸ್ವಂತ ಅತ್ತೆಯನ್ನು "ಸುಖವಾಗಿದ್ರಾ?" ಅಂತ ಕೇಳಲಿಲ್ಲ. ಪೊಲೀಸ್ ಸ್ಟೇಷನ್ನಿನ ಪ್ರಶ್ನೆ ಕೇಳಿದೆ.

"ಯಾರ್ಗೇಳಾನ? ನೀನೇ ಮೊದಲು" ಅಂದರು.

"ಮತ್ತೆ ಆ ಮೂಲಾ ನಕ್ಷತ್ರ?"

"ನಂದು ರೋಹಿಣಿ. ಅವ್ವಂಗೆ ಓದಕ್ಕೆ ಬರ್ತಿರ್ಲಿಲ್ಲ, ಜಾತಕ ನಾನೇ ಬಚ್ಚಿಟ್ಟೆ. ಗಂಡು ತರೋ ಬ್ರೋಕರ್‌ಗೆ ನಾನೇ ಮೂಲಾ ಅಂತ ಸುದ್ದಿ ಮುಟ್ಟುಸ್ದೆ. ಆಮ್ಯಾಕೆ ಒಬ್ನೂ ಈ ಕಡೆ ತಲೆ ಹಾಕ್ಲಿಲ್ಲ."

ನಾನು ಸ್ಟೇರಿಂಗಿಗೆ ಹಣೆ ಹಚ್ಚಿದೆ. ಹಾರನ್ ಆಯಿತು. ಎದುರು ಹೊಲದಲ್ಲಿದ್ದವರು ತಿರುಗಿ ನೋಡಿದರು. ಅಜ್ಜಿ ಸಾಯುವವರೆಗೂ ಆ ನಕ್ಷತ್ರವನ್ನು ಬೈದುಕೊಂಡೇ ಸತ್ತಳು. ಪಾಪ, ಶಾಂತಿ ಹೋಮವನ್ನೂ ಮಾಡಿಸಿದ್ದಳು!

"ಅದೆಲ್ಲ ಹೆಂಗತ್ತೆ? ಮನೆ ತುಂಬ ಜನ..." ಅಂತ ಎಳೆದೆ.

"ಪೇಪರ್ನೋನು ಅಂತ ಎಲ್ಲಾನೂ ಕೇಳ್ಬುಡ್ತೀಯ? ನಾಚ್ಕೆ ಆಗಲ್ವ?" ಅಂದರು. ಆಯಿತು, ನನಗೇ ನಾಚಿಕೆಯಾಗಿ ಬಾಯಿ ಮುಚ್ಚಿದೆ.

ಆಮೇಲೆ ಅವರಾಗಿಯೇ ಹೇಳಿದರು. ರೈಟ್ರ ಕಥೆಗಳು ಬರುತ್ತಿದ್ದ ಪತ್ರಿಕೆಗೆ ಚಿತ್ರವನ್ನೂ ಜೊತೆಗೇ ಕಳಿಸುತ್ತಿದ್ದರಂತೆ. ಚಿತ್ರ ಅತ್ತೆಯದು. ನಾಲ್ಕು ಸಲ ಅಚ್ಚಾಯಿತಂತೆ. ಕಥೆಯ ಮೇಲೆ ಒಂದು ಹೆಸರು, ಚಿತ್ರದ ಕೆಳಗೆ ಇನ್ನೊಂದು. "ನಮ್ ಇಬ್ರ ಹೆಸ್ರು ಒಟ್ಟಿಗೆ ಇರೋದು ಅದ್ರಲ್ಲಿ ಮಾತ್ರ. ನಿಮ್ಮಪ್ಪ ರದ್ದಿಗೆ ಹಾಕ್ಬುಟ್ಟ, ಗೊತ್ತಿಲ್ದೆ" ಅಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ರೈಟ್ರು ತೀರಿಕೊಂಡದ್ದು ಆಫೀಸಿನ ಮುಂದೆಯೇ, ಪತ್ರ ಬರೆಯುತ್ತಾ ಕೂತಲ್ಲೇ. ನಾನು ಆಗ ಮೈಸೂರಿನಲ್ಲಿ ಓದುತ್ತಿದ್ದೆ. ಅವರ ತಮ್ಮ ಟೆಂಪೋ ತಂದು ದೇಹವನ್ನು ಅರಕಲಗೂಡಿಗೆ ಸಾಗಿಸಿದ್ದು ಕೇಳಿ ಗೊತ್ತಿತ್ತು. ಅತ್ತೆಗೆ ಸುದ್ದಿ ಸಿಕ್ಕಿದ್ದು ಕ್ಲಾಸಿನಲ್ಲಿ. "ಎಂಟನೇ ಕ್ಲಾಸಿಗೆ ಹೂಜಿ ಬರೆಸ್ತಿದ್ದೆ. ಅಟೆಂಡರ್ ಬಂದು, ಮಿಸ್, ನಿಮ್ಮನೆ ಬಾಡಿಗೆಯೋರು ಓಗ್ಬುಟ್ರು ಅಂದ. ಸರಿ ಓಗಪ್ಪ ಅಂದೆ. ಹೂಜಿಗೆ ಶೇಡಿಂಗ್ ಬಾಕಿ ಇತ್ತು, ಮುಗಿಸ್ದೆ. ನಾನು ಮನೆಗೆ ಬರೋ ವೊತ್ಗೆ ಟೆಂಪೋ ಓಗಿತ್ತು."

ಸಿನಿಮಾದ ಹುಡುಗಿಗಾದರೂ ಗೇಟಿನವರೆಗೆ ಹೋಗುವ ಭಾಗ್ಯ ಇತ್ತು. ನನಗೆ ಆ ಕ್ಷಣ ಅತ್ತೆಯ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿಯಲಿಲ್ಲ. ಕಾರು ಸ್ಟಾರ್ಟ್ ಮಾಡಿದೆ.

ಊರು ಹತ್ತಿರ ಬಂದಾಗ ಅತ್ತೆ ಅಸಲಿ ವಿಷಯಕ್ಕೆ ಬಂದರು. "ಮಂಜ, ಪಕ್ಷದಮಾಸೆ ಬಂತು. ಈ ಸಲ ಅವ್ರ ಎಲೆ ಸಾಲಲ್ಲಿ ಇಡ್ಬೇಕು. ಹೆಸ್ರಿಡ್ದು ಕರೀಬೇಕು. ನೀನು ಕೂಗು."

ಇಲ್ಲಿ ನಮ್ಮ ಮನೆಯ ಪದ್ಧತಿ ಒಂಚೂರು ಹೇಳಬೇಕು. ಮಹಾಲಯ ಅಮಾವಾಸ್ಯೆಗೆ ನಡುಮನೆಯಲ್ಲಿ ಕಲಶ ಇಟ್ಟು, ಸಾಲಾಗಿ ಬಾಳೆಲೆ ಹಾಕಿ, ಸತ್ತವರಿಗೆ ಎಡೆ ಇಡುತ್ತೇವೆ. ಯಾರಿಗೆ ಏನಿಷ್ಟವೋ ಅದೇ. ತಾತನಿಗೆ ಬೀಡಿ, ಅಪ್ಪನಿಗೆ ಬೋಟಿ ಗೊಜ್ಜು, ಅಜ್ಜಿಗೆ ಎಲೆಅಡಿಕೆ. ಮನೆಯ ಹಿರಿಯ ಒಬ್ಬೊಬ್ಬರದೇ ಹೆಸರು ಹಿಡಿದು ಊಟಕ್ಕೆ ಬನ್ನಿ ಅಂತ ಕರೆಯುತ್ತಾನೆ. ಆಮೇಲೆ ಎಲ್ಲರೂ ಆಚೆ ಬಂದು ಬಾಗಿಲು ಮುಂದಕ್ಕೆಳೆದು ಜಗಲಿಯ ಮೇಲೆ ಕಾಯುತ್ತೇವೆ. ಒಳಗೆ ಅವರು ಉಣ್ಣಬೇಕು. ಹೆಸರು ಕೂಗದಿದ್ದವರು ಒಳಗೆ ಬರುವುದಿಲ್ಲ ಅಂತ ನಂಬಿಕೆ.

ಈ ಸಾಲಿನಿಂದ ದೂರ, ಹೊಸಿಲಿನ ಹತ್ತಿರ, ಇನ್ನೊಂದು ಎಲೆ ಇರುತ್ತೆ. ದಿಕ್ಕಿಲ್ಲದವರಿಗೆ ಅಂತ ಅತ್ತೆ ಇಡುವುದು. ಅದರಲ್ಲಿ ಮೀನು, ಪಕ್ಕದಲ್ಲಿ ಒಂದು ಚಿಟಿಕೆ ನಶ್ಯ. ದಿಕ್ಕಿಲ್ಲದವರಿಗೆ ನಶ್ಯ ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ. ಅಷ್ಟೇ ಯಾಕೆ, ನಾನು ಇಂಟರ್‌ವ್ಯೂಗೆ ಹೋಗುವ ವರ್ಷ ಆ ಎಲೆಗೇ ಉದ್ದಂಡ ಬಿದ್ದಿದ್ದೆ, ಯಾರೋ ಮಹಾಶಕ್ತಿ ಇರಬೇಕು ಅಂತ. ಕೆಲಸ ಸಿಕ್ಕಿತ್ತು ಕೂಡ!

ಅಂದರೆ ಇಷ್ಟು ವರ್ಷ ಹೆಸರು ಕೂಗಿಸಿಕೊಳ್ಳದೆ ರೈಟ್ರು ಹೊಸಿಲಾಚೆಯೇ ನಿಂತಿದ್ದರು, ಬದುಕಿದ್ದಾಗ ನಿಂತ ಹಾಗೆಯೇ. ಅತ್ತೆಯ ಲೆಕ್ಕ ಅದು.

"ನೀನೇ ಕರೆಯಬಹುದಲ್ಲ ಅತ್ತೆ, ಮನಸ್ಸಲ್ಲಿ?" ಅಂದೆ. ಹೇಡಿಗೆ ಉಪಾಯ ಬೇಗ ಹೊಳೆಯುತ್ತೆ.

ಅತ್ತೆ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. "ನಾನು ಹೆಂಗೋ ಅವ್ರ ಹೆಸ್ರು ಹೇಳ್ಲಿ?"

ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದು. ಹಳೇ ಕಾಲದವರ ನಿಯಮ. ತಾಳಿ ಇಲ್ಲ, ಸಪ್ತಪದಿ ಇಲ್ಲ, ಈ ಒಂದು ನಿಯಮವನ್ನು ಮಾತ್ರ ನಮ್ಮತ್ತೆ ಅರ್ಧ ಶತಮಾನ ಪಾಲಿಸಿಕೊಂಡು ಬಂದಿದ್ದಾರೆ! ನಾನು ಯೋಚಿಸಿದೆ. ಹೌದು, ಅವರ ಬಾಯಲ್ಲಿ ಪುಟ್ಟಸ್ವಾಮಿ ಅನ್ನುವ ಮಾತನ್ನು ನಾನು ಒಂದು ಸಲವೂ ಕೇಳಿಲ್ಲ. ಯಾವಾಗಲೂ ರೈಟ್ರು, ಇಲ್ಲವೇ ಅವ್ರು.

ಮನೆಗೆ ಬಂದವನೇ ಸುಧಾಳನ್ನು ಅಡಿಗೆಮನೆಯಲ್ಲಿ ಹಿಡಿದು, ಬಾಗಿಲು ಹಾಕಿ, ಪಿಸುಗುಟ್ಟಿದೆ. ಅವಳು ಕುಕ್ಕರ್ ಒಲೆ ಮೇಲಿಟ್ಟು, "ಹೂಂ, ಗೊತ್ತು" ಅಂದಳು.

"ಏನು ಗೊತ್ತು? ಯಾವಾಗಿಂದ?"

"ಮದುವೆಯಾದ ವರ್ಷದಿಂದ."

ಒಂದೇ ದಿನದಲ್ಲಿ ಎರಡನೇ ಶಾಕ್. ರೈಟ್ರ ಮುಖವನ್ನೇ ನೋಡದವಳು ಇವಳು! ಅವರು ಹೋದ ಮೇಲೆ ಈ ಮನೆಗೆ ಬಂದವಳು!

"ಆ ಎಲೆಗೆ ಹಾಕೋ ಮೀನಿನ ಮುಳ್ಳನ್ನೆಲ್ಲ ಅತ್ತೆ ಕೂತ್ಕೊಂಡು ಬಿಡಿಸ್ತಾರೆ. ಒಂದೊಂದೇ. ಅರ್ಧ ಗಂಟೆ" ಅಂದಳು ಸುಧಾ. "ದಿಕ್ಕಿಲ್ಲದೋರಿಗೆ ಯಾರಾದ್ರೂ ಮೀನಿನ ಮುಳ್ಳು ಬಿಡಿಸಿ ಇಡ್ತಾರೇನ್ರೀ? ಯಾವತ್ತೋ ಯಾರಿಗೋ ಗಂಟಲಿಗೆ ಮುಳ್ಳು ಸಿಕ್ಕಿರಬೇಕು, ಇವರು ಹೆದರಿರಬೇಕು. ನಶ್ಯ ಏರಿಸ್ತಿದ್ದೋರು ಈ ಮನೇಲಿ ರೈಟ್ರೊಬ್ಬರೇ ಅಂತ ನೀವೇ ಅಂದಿದ್ರಿ. ಅಷ್ಟೂ ತಿಳಿಯಲ್ವಾ?"

ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿದ್ದೇನೆ, ವಾರವಾರ ಸಮಾಜವನ್ನು ಸೂಕ್ಷ್ಮವಾಗಿ ಗಮನಿಸಿ ನಿಮಗೆ ಬರೆದು ಒಪ್ಪಿಸುತ್ತೇನೆ, ಅಡಿಗೆಮನೆಯಲ್ಲಿ ಮೀನಿನ ಮುಳ್ಳು ಬಿಡಿಸುವುದು ಕಾಣಲಿಲ್ಲ.

ಈಗ ಭಯ ಇದ್ದದ್ದು ಚಿಕ್ಕಪ್ಪನದು. ಅತ್ತೆಯ ತಮ್ಮ, ಚನ್ನರಾಯಪಟ್ಟಣದಲ್ಲಿ ಇರುವವರು. ಅಪ್ಪ ಹೋದ ಮೇಲೆ ಹೆಸರು ಕೂಗುವ ಹಿರಿತನ ಅವರದು. ಒಳ್ಳೆಯವರೇ, ಆದರೆ ಕುಲ ಅಂದರೆ ಕುಲ, ಸಾಲು ಅಂದರೆ ಸಾಲು. ಅಕ್ಕ ಅಂದರೆ ಪ್ರಾಣ. ಇಂಥವರ ಮುಂದೆ ಇಂಥ ವಿಷಯ ಹೇಗೆ ಎತ್ತುವುದು? ಎರಡು ವಾರ ನಿದ್ದೆ ಬರಲಿಲ್ಲ. "ಸುಮ್ನೆ ಇದ್ದದ್ದು ಇದ್ದ ಹಾಗೆ ಹೇಳಿ" ಅಂದಳು ಸುಧಾ. ನಾನು ಬೇರೊಂದು ದಾರಿ ಹುಡುಕಿಕೊಂಡಿದ್ದೆ. ಬಹಳ ಜಾಣತನದ್ದು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಅಮಾವಾಸ್ಯೆ ಬಂತು. ಚಿಕ್ಕಪ್ಪ ಬಂದರು. ಅತ್ತೆ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಹಸಿರು ರೇಷ್ಮೆ ಸೀರೆ ಉಟ್ಟು, ಅಡಿಗೆಮನೆಯಲ್ಲಿ ಕೂತು ಮುಳ್ಳು ಬಿಡಿಸಿದರು. ಈ ಸಲ ನಾನು ನಿಂತು ನೋಡಿದೆ. ಕನ್ನಡಕವನ್ನು ಮೂಗಿನ ತುದಿಗೆ ಎಳೆದುಕೊಂಡು, ಬೆರಳಲ್ಲಿ ಸವರಿ ಸವರಿ ನೋಡಿ ಬಿಡಿಸುತ್ತಿದ್ದರು.

ಎಲೆಗಳೆಲ್ಲ ಸಾಲಾದವು. ರೈಟ್ರ ಎಲೆಯನ್ನು ನಾನೇ ತಂದು ಅಪ್ಪನ ಎಲೆಯ ಪಕ್ಕ ಇಟ್ಟೆ. ಅತ್ತೆ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು.

ಚಿಕ್ಕಪ್ಪ ಲೆಕ್ಕ ಹಾಕಿದರು. "ಲೇ ಮಂಜ, ಇದ್ಯಾರ್ದ್ಲಾ ಎಲೆ? ಒಂದು ಜಾಸ್ತಿ ಆಯ್ತಲ್ಲ?"

ನಾನು ತಯಾರು ಮಾಡಿಟ್ಟುಕೊಂಡಿದ್ದನ್ನು ಹೇಳಿದೆ. "ರೈಟ್ರು ಪುಟ್ಟಸ್ವಾಮಿಗಳದು ಚಿಕ್ಕಪ್ಪ. ನನಗೆ ಅಕ್ಷರ ಕಲಿಸಿದ ಗುರುಗಳು. ಗುರುವಿನ ಋಣ ತೀರಿಸಬೇಕಲ್ಲ, ಅದಕ್ಕೆ ಈ ಸಲ ಸಾಲಲ್ಲಿ ಇಡೋಣ ಅಂತ."

ಚಿಕ್ಕಪ್ಪನ ಮುಖ ಅರಳಿಬಿಟ್ಟಿತು. "ಓ, ನಮ್ ರೈಟ್ರು! ದೇವ್ರಂಥ ಮನ್ಸ ಕಣ್ಲಾ. ಗುರು ಅಂದ್ಮೇಲೆ ಯಾವ ಜಾತಿ, ಯಾವ ಕುಲ? ಇಡು ಇಡು. ಅಕ್ಷರ ಕಲಿಸ್ದೋರ ಮರೀನಿಲ್ವಲ್ಲ ನೀನು, ಭೇಷ್" ಅಂದರು. ಬೆನ್ನು ತಟ್ಟಿದರು. ನಾನು ಗೆದ್ದೆ ಅಂದುಕೊಂಡೆ. ಎಲೆ ಸಾಲಿಗೆ ಬಂತು, ಹೆಸರೂ ಕೂಗಿದ ಹಾಗಾಗುತ್ತೆ, ಮನೆಯ ಮರ್ಯಾದೆಯೂ ಉಳಿಯಿತು, ಚಿಕ್ಕಪ್ಪನ ಬಿಪಿಯೂ ಏರಲಿಲ್ಲ. ಇನ್ನೇನು ಬೇಕು?

ಚಿಕ್ಕಪ್ಪ ಕೈಮುಗಿದು ಕೂಗತೊಡಗಿದರು. ತಾತನ ಹೆಸರಾಯಿತು. ಅಜ್ಜಿಯದಾಯಿತು. ಅಪ್ಪನದು, ಅಮ್ಮನದು. ಇನ್ನು ರೈಟ್ರ ಸರದಿ ಅನ್ನುವಾಗ ಅತ್ತೆ ಗೋಡೆ ಬಿಟ್ಟು ಮುಂದೆ ಬಂದರು. ಬಗ್ಗಿದರು. ಮಂಡಿ ನೋವು ಬೇರೆ, ನೆಲಕ್ಕೆ ಕೈ ಊರಿಕೊಂಡೇ ಬಗ್ಗಿದರು. ಆ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಒಂದು ತುತ್ತೂ ಚೆಲ್ಲದ ಹಾಗೆ ನಿಧಾನವಾಗಿ ನಡೆದು, ಹೊಸಿಲ ಹತ್ತಿರ ಮಾಮೂಲಿ ಜಾಗದಲ್ಲಿ ಇಟ್ಟರು.

"ಯಾಕಕ್ಕ?" ಅಂದರು ಚಿಕ್ಕಪ್ಪ.

"ಒಳಗೆ ಸೆಕೆ ಕಣಪ್ಪ. ಇಲ್ಲೇ ಇರ್ಲಿ" ಅಂದರು ಅತ್ತೆ. ಸೆರಗಿನಿಂದ ಕೈ ಒರೆಸಿಕೊಂಡು ಆಚೆ ಹೋದರು.

ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಯ ಮೇಲೆ ಕೂತೆವು. ಚಿಕ್ಕಪ್ಪ ಫೋನ್ ಬಂತು ಅಂತ ಬೀದಿಗಿಳಿದರು. ನಾನು ಅತ್ತೆಯ ಪಕ್ಕ ಸರಿದು, "ಯಾಕತ್ತೆ ಹಿಂಗೆ ಮಾಡಿದೆ? ಇನ್ನೊಂದು ಕ್ಷಣದಲ್ಲಿ ಹೆಸರು ಕೂಗ್ತಿದ್ರಲ್ಲ?" ಅಂದೆ. ನಿಜ ಹೇಳಬೇಕೆಂದರೆ ನನಗೆ ಸಿಟ್ಟೇ ಬಂದಿತ್ತು.

ಅತ್ತೆ ನನ್ನ ಕಡೆ ತಿರುಗಲಿಲ್ಲ. "ಮೇಷ್ಟ್ರು ಅಂತ ಕರುದ್ರೆ ಅವ್ರು ಯಾಕೋ ಬತ್ತಾರೆ? ಮೇಷ್ಟ್ರಾಗಾ ಇದ್ದಿದ್ದು ಅವ್ರು ಇಲ್ಲಿ? ಸುಳ್ಳು ಹೇಳ್ಕಂಡು ಒಳಕ್ಕೆ ಬರೋದಾಗಿದ್ರೆ ಆವತ್ತೇ ಬರೋರು. ನಮ್ಮಪ್ಪಂಗೆ ನಾನು ನಿಮ್ ಜನವೇ ಅಂತ ಒಂದು ಮಾತು ಅಂದಿದ್ರೆ ಆಗೋಗೋದು. ಅನ್ನಲಿಲ್ಲ ಕಣೋ. ಇಪ್ಪತ್ತೆರಡು ವರ್ಷ ಜಗಲೀಲೇ ಉಂಡ್ರು, ಅನ್ನಲಿಲ್ಲ."

ನನ್ನ ಕೆನ್ನೆಗೆ ಯಾರೋ ರಪ್ಪಂತ ಬಾರಿಸಿದ ಹಾಗಾಯಿತು. ಮೂರನೇ ಶಾಕ್. ಇದು ಅತ್ತೆಯ ಬಗ್ಗೆ ಅಲ್ಲ, ನನ್ನ ಬಗ್ಗೆ. ಹಳೇ ಸಿನಿಮಾದ ಪ್ರೇಮಿಗಳಿಗೆ ಕರ್ಚೀಫು ಒದ್ದೆ ಮಾಡಿಕೊಂಡವನು, ನಮ್ಮ ಮನೆಯ ಪ್ರೇಮಕ್ಕೆ ಗುರುಭಕ್ತಿಯ ಬಣ್ಣ ಬಳಿದು ಸಾಲಲ್ಲಿ ಕೂರಿಸಲು ಹೊರಟಿದ್ದೆ. ಅದಕ್ಕೆ ಬೆನ್ನು ಬೇರೆ ತಟ್ಟಿಸಿಕೊಂಡೆ!

ಪರದೆಯ ಮೇಲಿನವರನ್ನು ಒಪ್ಪಿಕೊಳ್ಳುವುದಕ್ಕೆ ನಮಗೆ ಕಷ್ಟವೇನು? ಎರಡು ಗಂಟೆಗೆ ಮುಗಿಯುತ್ತೆ, ಉಪ್ಪಿಟ್ಟು ತಿಂದು ಮನೆಗೆ ಬರಬಹುದು. ಅವರು ನಮ್ಮ ಮನೆಯ ಎಲೆಯ ಸಾಲಿಗೆ ಬರುವುದಿಲ್ಲ. ನಮ್ಮ ಚಿಕ್ಕಪ್ಪನ ಮುಖ ನೋಡುವ ಕೆಲಸವೂ ಇಲ್ಲ. ನಿಮ್ಮ ಮನೆಯಲ್ಲೂ ಒಬ್ಬ ಮದುವೆಯಾಗದ ಅತ್ತೆ, ಒಬ್ಬ ಒಂಟಿ ದೊಡ್ಡಪ್ಪ ಇರಬಹುದು. ಅವರಿಗೂ ಒಂದು ನಕ್ಷತ್ರದ ಕಥೆ ಕಟ್ಟಿ ನೀವು ನೆಮ್ಮದಿಯಾಗಿ ಇರಬಹುದು. ಒಂದು ಸಲ ಸುಮ್ಮನೆ ಕೇಳಿ ನೋಡಿ. (ಕಾರು ಓಡಿಸುತ್ತಾ ಕೇಳಬೇಡಿ.)

ಆವತ್ತು ಸಂಜೆ ಚಿಕ್ಕಪ್ಪ ಬಸ್ ಹತ್ತಿದ ಮೇಲೆ ಅತ್ತೆಯನ್ನು ಕೇಳಿದೆ. "ಬರೀಲಾ ಅತ್ತೆ ಇದನ್ನ? ಪೇಪರಲ್ಲಿ?"

ಬೇಡ ಅನ್ನುತ್ತಾರೆ ಅಂದುಕೊಂಡೆ. ಬೇಡ ಅಂದರೆ ಸಾಕಪ್ಪ ಅಂತಲೂ ಅಂದುಕೊಂಡೆ.

"ಬರಿ. ಗಂಡ ಅಂತ ಬರೀಬ್ಯಾಡ, ಆಗಿರ್ಲಿಲ್ಲ. ಮೇಷ್ಟ್ರು ಅಂತ್ಲೂ ಬರೀಬ್ಯಾಡ. ಇದ್ದುದ್ದ ಇದ್ದಂಗೆ ಬರಿ. ಹೆಸ್ರು ಮಾತ್ರ ಸರ್ಯಾಗಿ ಹಾಕು."

ಹಾಕಿದ್ದೇನೆ. ಪುಟ್ಟಸ್ವಾಮಿ.

ಚನ್ನರಾಯಪಟ್ಟಣಕ್ಕೆ ಪೇಪರ್ ಬೆಳಗ್ಗೆ ಆರೂವರೆಗೆ ಬರುತ್ತೆ. ಚಿಕ್ಕಪ್ಪ ಕಾಫಿಗೂ ಮುಂಚೆ ಈ ಅಂಕಣ ಓದುತ್ತಾರೆ ಅಂತ ಚಿಕ್ಕಮ್ಮ ಹೇಳಿದ್ದಾರೆ. ಇಲ್ಲಿಯವರೆಗೆ ಓದಿದ್ದರೆ ಈಗ ಅವರ ಮುಖ ಕೆಂಪಾಗಿರುತ್ತೆ, ಫೋನು ಕೈಯಲ್ಲಿರುತ್ತೆ. ಚಿಕ್ಕಪ್ಪ, ಬೈಯಿರಿ, ಎತ್ತಿಕೊಳ್ಳುತ್ತೇನೆ. ಆದರೆ ಮೊದಲು ಇದೊಂದು ಹೇಳಿ: ನಿಮ್ಮಕ್ಕ ಬಾಯಿಬಿಟ್ಟು ಹೇಳಲಾರದ ಆ ಹೆಸರನ್ನು ಬರೋ ವರ್ಷ ನೀವು ಕೂಗ್ತೀರಾ, ಇಲ್ಲಾ ನಾನು ಕೂಗಲಾ?